ಮೇ ತಿಂಗಳ ಹಾಜರಿ

ಅಕ್ಕೋರ ಗಂಟಲ ನಡುವೆ ಉದ್ದಿನ ಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆಯೊಂದಿತ್ತು. ಅವರು ಯಾರನ್ನಾದರೂ ಹೆಸರು ಹಿಡಿದು ಕರೆದಾಗ ಅದು ಮೇಲಕ್ಕೆ ಹತ್ತುತ್ತಿತ್ತು, ಕರೆದು ಮುಗಿದ ಮೇಲೆ ಮೆಲ್ಲಗೆ ಇಳಿದು ತನ್ನ ಜಾಗದಲ್ಲಿ ಕೂರುತ್ತಿತ್ತು. ಹೆಸರು ಉದ್ದವಿದ್ದಷ್ಟೂ ಮಚ್ಚೆಗೆ ದುಡಿಮೆ ಜಾಸ್ತಿ. ನಾನು ಅವರ ದನಿಯನ್ನು ಅಣಕಿಸಲು ಕಲಿತದ್ದೇ ಆ ಮಚ್ಚೆಯನ್ನು ನೋಡಿಕೊಂಡು. ಎಲ್ಲಿ ಏರಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಅದೇ ತೋರಿಸಿಕೊಡುತ್ತಿತ್ತು. ಕನ್ನಡಿ ಹಿಡಿದು ನನ್ನ ಗಂಟಲನ್ನೂ ನೋಡಿಕೊಂಡದ್ದುಂಟು. ಅಲ್ಲಿ ಕಂಡದ್ದು ಒಂದು ಮೂಳೆ, ಅದರ ಮೇಲೆ ನೆರಳು ಚೆಲ್ಲುವ ನನ್ನ ಮೂಗು, ಅಷ್ಟೇ.

ನಮ್ಮ ಜಿಲ್ಲೆ ಮುಂಬಯಿಯ ಕೈ ಬಿಟ್ಟು ಮೈಸೂರಿನ ಕೈ ಹಿಡಿದ ವರ್ಷ ಅವರು ಬನವಾಸಿ ಕಡೆಯಿಂದ ಶಿರಸಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದರು. ನಮ್ಮ ಪಕ್ಕದ ಬಾಡಿಗೆ ಮನೆ ಹಿಡಿದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನನ್ನ ಹೆತ್ತ ಆಯಿಗೂ. ಆಯಿಗೇ ಇರಲಿಲ್ಲವೆಂದರೆ ಉಳಿದದ್ದನ್ನು ನೀವೇ ತಿಳಿದುಕೊಳ್ಳಿ.

ಶಾಲೆ ನಡೆಯುವಷ್ಟು ದಿನ ಅವರು ಗಡಿಯಾರದಂಥ ಹೆಂಗಸು. ಬೇಸಿಗೆ ರಜೆ ಬಿದ್ದೊಡನೆ ಏನೋ ಆಗುತ್ತಿತ್ತು. ಹಾಜರಿ ಕರೆಯದೆ ಅವರಿಗೆ ಅನ್ನ ಸೇರುತ್ತಿರಲಿಲ್ಲವಂತೆ. ಅದಕ್ಕೆ ಮೇ ತಿಂಗಳ ಸಂಜೆ, ಅಂಗಳಕ್ಕೆ ನೀರು ಚಿಮುಕಿಸಿ, ಜಗುಲಿಯ ಮೇಲೆ ಮಣೆ ಹಾಕಿ ಕೂತು, ಓಣಿಯವರ ಹಾಜರಿ ಕರೆಯಲು ಸುರುಮಾಡಿದರು. ಪುಸ್ತಕವಿಲ್ಲ, ಪೆನ್ಸಿಲ್ಲಿಲ್ಲ. ಕರೆಸಿಕೊಂಡವರು ‘ಹಾಜರ್’ ಎಂದರೆ ಸಾಲದು. ಅವತ್ತು ತಮಗೆ ಸಿಕ್ಕ ಒಂದು ಸುಖವನ್ನು ಹೇಳಬೇಕು.

“ಇವತ್ತಿಂದ ಆಗಬೇಕು. ನಿಮ್ಮ ಮೈಗೆ ತಾಗಿದ್ದ ಆಗಬೇಕು. ನಿನ್ನಿದು ನಡೆಯಂಗಿಲ್ಲ, ಮಂದೀದು ನಡೆಯಂಗಿಲ್ಲ,” ಇದು ಅವರ ಕಾಯಿದೆ.

ಮೊದಮೊದಲು ಎಲ್ಲರಿಗೂ ನಾಚಿಕೆ. ದೊಡ್ಡವರು ಕೂತು ಹೇಳುವ ಮಾತೇ ಇದು? ಆದರೆ ಅವರು ಕರೆಯುವ ರೀತಿಗೆ ಎದ್ದು ಹೋಗಲು ಆಗುತ್ತಿರಲಿಲ್ಲ. ಟೇಲರ್ ಮಾಮನಿಗೆ ಸದಾ ಬಾಯಲ್ಲಿ ಗುಂಡುಸೂಜಿ. ಅವನ ಮಾತೆಲ್ಲ ಸೂಜಿಗಳ ಸಂದಿಯಿಂದ ನುಸುಳಿ ಬರುತ್ತಿತ್ತು. ಅವನು ಸೂಜಿಗಳನ್ನು ಒಂದೊಂದಾಗಿ ಅಂಗಿಗೆ ಚುಚ್ಚಿಕೊಂಡು ಹೇಳಿದ: “ಕವಳಿ ಹಣ್ಣು ತಿಂದೆ ಅಕ್ಕೋರೆ. ಮೇಣ ತುಟಿಗೆ ಅಂಟಿ ಬಾಯಿ ಬಿಡೂಕೇ ಆಗ್ಲಿಲ್ಲ. ಆಗ್ಲೇ ಆ ಬಾಯಿಬಡಕ ಗಿರಾಕಿ ಬಂದ. ಒಂದು ಮಾತೂ ಆಡದೆ ಕೂತೆ ನೋಡಿ, ಆಹಾ!”

ಯಲ್ಲಾಪುರದ ಬಸ್ಸು ಓಡಿಸುವ ಡ್ರೈವರು ತಲೆ ಕೆರೆದುಕೊಂಡು ಹೇಳಿದ: “ಬೇಡ್ತಿ ಹೊಳೆ ದಾಟುವಾಗ ಗಾಳಿ ಬಂತ್ರೀ. ಕಾಲಿಗೆ ಇಂಜಿನ್ ಬಿಸಿ, ಕಿವಿಗೆ ಹೊಳೆ ತಂಪು. ಎರಡೂ ಒಂದೇ ಸಲಕ್ಕೆ.”

ಆಯಿಯದೇ ಕಷ್ಟ. “ಎಂತದೂ ಇಲ್ಲೆ ಅಕ್ಕೋರೆ. ದಿನಾ ಇಪ್ಪದೇಯ.”

“ಬೆಳಿಗ್ಗೆ ಏನ ಮಾಡಿದ್ರಿ?”

“ಉಪ್ಪಿನಲ್ಲಿದ್ದ ಮಾವಿನ ಮಿಡಿ ತಿರುವಿ ಹಾಕಿದ್ದಾತು.”

“ಭರಣಿ ಬಾಯಿ ಬಿಚ್ಚಿದ್ರಿ. ಆಮ್ಯಾಲೆ?”

“ಆಮೇಲೆಂತ... ಅರಿವೆ ಬಿಚ್ಚಿದ ಕೂಡ್ಲೆ ಪರಿಮಳ ಬಂತು...” ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಒಂದು ಗಳಿಗೆ ಮುಚ್ಚಲೆ ಮನಸೇ ಬಂಜಿಲ್ಲೆ. ಹಂಗೇ ಬಗ್ಗಿ ನಿಂತಿದ್ದಿ.”

“ಹಾಜರ್!” ಎಂದರು ಅಕ್ಕೋರು. ಆಯಿಯ ಮುಖ ನೋಡಬೇಕಿತ್ತು. ಅಷ್ಟು ವರ್ಷದಿಂದ ಅದೇ ಭರಣಿ, ಅದೇ ಮಿಡಿ. ಅದು ತನಗೆ ಇಷ್ಟವೆಂದು ಆಯಿಗೆ ಆ ಸಂಜೆ ಗೊತ್ತಾಯಿತು. ನನಗೂ.

ಅಕ್ಕೋರು ತಮ್ಮದನ್ನು ಎಲ್ಲರದೂ ಮುಗಿದ ಮೇಲೆ ಹೇಳುತ್ತಿದ್ದರು. ಒಮ್ಮೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. “ಇವತ್ತ ಬಾವಿಗೆ ಕೊಡ ಇಳಿಸಿದೆ. ನೀರು ಭಾಳ ಕೆಳಗ ಹೋಗೈತಿ. ಕೊಡ ಇಳಿಯೂತನಕ ಹಗ್ಗ ಹಗೂರ ಇತ್ತು. ನೀರು ತುಂಬಿದ ಕೂಡಲೆ, ಕೆಳಗ ಯಾರೋ ನನ್ನ ಕೈ ಹಿಡದು ಜಗ್ಗಿಧಾಂಗ ಆತು.” ನಾನು ಹುಟ್ಟಿದಾಗಿನಿಂದ ನೀರು ಸೇದುತ್ತಿದ್ದವನು, ಮರುದಿನ ಬೆಳಿಗ್ಗೆ ಹೋಗಿ ಬೇಕಂತಲೇ ಕೊಡ ಇಳಿಸಿದೆ. ಹೌದು, ಜಗ್ಗಿತು! ಬಾವಿಕಟ್ಟೆಯ ಮೇಲೆ ಬೆಪ್ಪನಂತೆ ನಿಂತಿದ್ದೆ. ಆಯಿ ಒಳಗಿನಿಂದ ಕೂಗಿದಳು, “ಎಂತದೋ, ಬಾವಿಲಿ ಮುಖ ನೋಡ್ಕತ್ತಾ ಇದ್ಯನ? ನೀರು ತಾ ಮಾರಾಯ!”

ನಾನು ಆಗ ಮ್ಯಾಟ್ರಿಕ್ಕಿಗೆ ಮತ್ತೊಮ್ಮೆ ಕಟ್ಟಿ, ಓದುವುದರ ಬದಲು ಊರವರ ದನಿಗಳನ್ನು ಬಾಯಿಪಾಠ ಮಾಡುತ್ತಿದ್ದವನು. ಸಂತೆಗೆ ಹೋದ ಅಕ್ಕೋರು ಒಂದು ಸಂಜೆ ತಡವಾಗಿ ಬಂದಾಗ ಅವರ ಮಣೆಯ ಮೇಲೆ ನಾನು ಕೂತು ಹಾಜರಿ ಕರೆಯುತ್ತಿದ್ದೆ. ಟೇಲರ್ ಮಾಮ ನಕ್ಕು ನಕ್ಕು ಸೂಜಿ ನುಂಗುವುದರಲ್ಲಿದ್ದ. ಅಕ್ಕೋರನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಅವರು ಚೀಲ ಕೆಳಗಿಟ್ಟು ನನ್ನನ್ನೇ ನೋಡಿದರು.

“ಉಸಿರು ತಪ್ಪಿದಿ,” ಎಂದರು. “ಕರೆಯೂಕಿಂತ ಮೊದಲ ಉಸಿರು ತುಂಬ ತಗೋಬೇಕು. ಬಂದಾರೋ ಇಲ್ಲೋ ಅಂತ ಕರೀಬಾರದು. ಬಂದಾರ ಅಂತ ನಂಬಿ ಕರೀಬೇಕು. ಇನ್ನೊಮ್ಮೆ ಕರಿ.”

ಅಣಕಿಸಿದವನಿಗೆ ಬೈಯುವವರನ್ನು ಕಂಡಿದ್ದೆ, ಅಳುವವರನ್ನು ಕಂಡಿದ್ದೆ. ತಿದ್ದಿದವರನ್ನು ಕಂಡದ್ದು ಅದೇ ಮೊದಲು.

ಕೆಲವು ಬೇಸಿಗೆ ಹೀಗೇ ಕಳೆದವು. ನಾನು ಹೇಗೋ ಪಾಸಾಗಿ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿದ್ದೆ. ಒಂದು ಚಳಿಗಾಲದಲ್ಲಿ ಅಕ್ಕೋರ ದನಿ ಒಡೆಯತೊಡಗಿತು. ಕಷಾಯ ಆಯಿತು, ಜೇನು ಆಯಿತು. ಕಡೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಟಲೊಳಗೆ ಗಂಟಿದೆಯೆಂದು ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಿಸುಮಾತೂ ಇಲ್ಲ. ಮಚ್ಚೆ ಇದ್ದ ಜಾಗದಲ್ಲಿ ಹೊಲಿಗೆ. ನೋಡಲು ಹೋದ ಟೇಲರ್ ಮಾಮ ಹೊರಗೆ ಬಂದು, “ಹೊಲಿಗೆ ಚಲೋ ಹಾಕಿದಾರೆ,” ಎಂದ. ಆಮೇಲೆ ಅಂಗಡಿಗೆ ಹೋಗಿ ಮಿಶನ್ ತುಳಿಯದೆ ಸುಮ್ಮನೆ ಕೂತ.

ಮೇ ತಿಂಗಳು ಬಂತು. ಅಕ್ಕೋರ ಅಂಗಳಕ್ಕೆ ನೀರು ಬೀಳಲಿಲ್ಲ. ಬಾಗಿಲು ಹಗಲಲ್ಲೂ ಅರ್ಧ ಮುಚ್ಚಿರುತ್ತಿತ್ತು. ಆಯಿ ದಿನವೂ ಗಂಜಿ ಒಯ್ಯುತ್ತಿದ್ದಳು. ಒಂದು ದಿನ ಅವರ ಪಾಟಿಯನ್ನೇ ಎತ್ತಿಕೊಂಡು ಬಂದಳು. “ಎಂತ ಬರದ್ದು ಓದೋ. ಕಣ್ಣಲ್ಲಿ ನೀರು ಹಾಕ್ಕಂಡು ಬರದ್ದು.”

ಪಾಟಿಯ ಮೇಲಿನ ಅಕ್ಷರ ಮಾತ್ರ ಎಂದಿನಂತೆ ದುಂಡಗಿತ್ತು: ‘ದನಿ ಇಲ್ಲದಾಕಿ ಇಲ್ಲಿದ್ದು ಏನ ಮಾಡಲಿ? ಮಳಿ ಹಿಡಿಯೋದರೊಳಗ ಅಣ್ಣ ಬಂದು ಊರಿಗೆ ಕರಕೊಂಡು ಹೋಗ್ತಾನ. ಇನ್ನ ಈ ಕಡೆ ಬರೂದಿಲ್ಲ.’

ಆ ಸಂಜೆ ನಾನು ಅವರ ಜಗುಲಿ ಹತ್ತಿದೆ. ಮೂಲೆಯಲ್ಲಿ ಒರಗಿಸಿದ್ದ ಮಣೆ ಹಾಕಿಕೊಂಡು ಕೂತೆ. ಉಸಿರು ತುಂಬ ತೆಗೆದುಕೊಂಡೆ. ಅವರ ದನಿಯಲ್ಲಿ, ಓಣಿಗೆ ಕೇಳುವಂತೆ ಕರೆದೆ: “ಟೇಲರ್ರಽ, ಬರ್ರಿ! ಡ್ರೈವರ್ರಽ, ಬರ್ರಿ!”

ಟೇಲರ್ ಮಾಮ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಓಡಿ ಬಂದ. ಅಕ್ಕೋರಿಗೆ ದನಿ ಬಂತೆಂದು ಬಂದವನು, ನನ್ನನ್ನು ಕಂಡು ಕೆಂಡವಾದ. “ನಾಚ್ಕೆ ಇಲ್ವನೋ ನಿಂಗೆ? ಆ ಜೀವದ ಎದುರಿಗೆ ಅವ್ರದೇ ದನಿ ಆಡಿಸ್ತ್ಯಾ?”

“ಇಳಿಯೋ ಕೆಳಗೆ! ನಿನ್ನ ಮಂಗಾಟಕ್ಕೆ ಬೆಂಕಿ ಬಿತ್ತು!” ಎಂದಳು ಆಯಿ.

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ನಿಲ್ಲಿಸಿದರೆ ಇದು ಬರೀ ಅಣಕ ಆಗುತ್ತದೆ ಅನ್ನಿಸಿತು. ನಿಲ್ಲಿಸಲಿಲ್ಲ. “ಯಾಕ ಸುಮ್ಮನ ನಿಂತ್ರಿ ಟೇಲರ್ರಽ? ಇವತ್ತಿಂದು ಹೇಳ್ರಿ.”

ಬಾಗಿಲು ತೆರೆಯಿತು. ಅಕ್ಕೋರು ಅರ್ಧ ಆಗಿಹೋಗಿದ್ದರು. ಗಂಟಲಿಗೆ ಸೆರಗು ಸುತ್ತಿಕೊಂಡಿದ್ದರು. ನೆಟ್ಟಗೆ ನನ್ನ ಹತ್ತಿರ ಬಂದು ಕಿವಿ ಹಿಡಿದು ಎಬ್ಬಿಸಿದರು. ಮಣೆಯ ಮೇಲೆ ತಾವು ಕೂತರು. ಕಿವಿ ಬಿಡದೆ ನನ್ನನ್ನು ಪಕ್ಕದ ನೆಲಕ್ಕೆ ಕೂರಿಸಿದರು. ಆಮೇಲೆ ಟೇಲರ್ ಮಾಮನ ಕಡೆ ಬೆರಳು ತೋರಿಸಿ, ನನ್ನ ಕಡೆ ನೋಡಿದರು.

ನಾನು ಕರೆದೆ. ಅವರು ನೆಲಕ್ಕೆ ಬೆರಳ ಗಣ್ಣಿನಿಂದ ಕುಟ್ಟಿದರು. ಉದ್ದ ಹೆಚ್ಚಾಯಿತು ಎಂದರ್ಥ. ಮತ್ತೆ ಕರೆದೆ. ತಲೆಯಾಡಿಸಿದರು. ಹೋದ ದನಿಯನ್ನು ಅದರ ಯಜಮಾನಿತಿಯೇ ಕೂತು ಒಬ್ಬ ಕೋಡಂಗಿಯ ಬಾಯಲ್ಲಿ ಹದ ಮಾಡುತ್ತಿದ್ದರು.

ಎಲ್ಲರದೂ ಮುಗಿಯಿತು. ಅಕ್ಕೋರದು ಉಳಿಯಿತು. ಅವರನ್ನು ಯಾರೂ ಕರೆದದ್ದಿರಲಿಲ್ಲ, ತಾವೇ ಹೇಳುತ್ತಿದ್ದರು. ಈಗ ನಾನು ಅವರ ದನಿಯಲ್ಲೇ ಅವರನ್ನು ಕರೆದೆ. “ಅಕ್ಕೋರಽ.”

ಅವರು ಆಯಿಯ ಕೈ ಎಳೆದು ತಮ್ಮ ಗಂಟಲಿಗೆ ಒತ್ತಿಕೊಂಡರು. ಏನನ್ನೋ ನುಂಗಿ ತೋರಿಸಿದರು. ಆಯಿಗೆ ಹೊಳೆಯಿತು.

“ಮಧ್ಯಾಹ್ನ ಮುರುಗಲು ಹಣ್ಣಿನ ಪಾನಕ ಕೊಟ್ಟಿದ್ದಿ. ನೋವಿಲ್ದೇ ಇಳತ್ತಾ ಅಕ್ಕೋರೆ?”

ಅಕ್ಕೋರು ಹೌದೆಂದು ಕಣ್ಣು ಮುಚ್ಚಿದರು. ಆಮೇಲೆ ನನ್ನನ್ನು ತಿವಿದರು, ಹೇಳು ಎಂದು. “ಇವತ್ತ ಮುರುಗಲ ಪಾನಕ ಕುಡದೆ. ತಣ್ಣಗ, ನೋವಿಲ್ಲದ ಇಳೀತು,” ಎಂದೆ. ಕೊನೆಗೆ ಬರುವಾಗ ದನಿ ಸೀಳಿತು. ನೆಲಕ್ಕೆ ಗಣ್ಣು ಬಿತ್ತು: ಸರಿಯಾಗಿ, ಇನ್ನೊಮ್ಮೆ.

ಆ ವಾರವೇ ಅವರ ಅಣ್ಣ ಬಂದ. ದೊಡ್ಡ ರುಮಾಲಿನ, ಭಾರಿ ಆಳು. ಟ್ರಂಕು ಕಟ್ಟಿಸಲು ಹೇಳಿ ಜಗುಲಿಯಲ್ಲಿ ಕೂತವನು ಹಾಜರಿಯ ಹೊತ್ತಿಗೆ ಸಿಕ್ಕಿಬಿದ್ದ. ಅಕ್ಕೋರು ಅವನ ಕಡೆಯೂ ಬೆರಳು ತೋರಿಸಿದರು. ನಾನು ಕರೆದೆ: “ಅಣ್ಣಾ, ಇವತ್ತ ನಿನಗೇನ ಸಿಕ್ತು? ಹೇಳು.”

ಅವನು ಗಕ್ಕನೆ ತಂಗಿಯ ಕಡೆ ತಿರುಗಿದ. ಅವರ ತುಟಿ ಅಲುಗಿರಲಿಲ್ಲ. ನನ್ನ ಕಡೆ ನೋಡಿದ. ರುಮಾಲು ತೆಗೆದು ಮುಖಕ್ಕೆ ಹಿಡಿದುಕೊಂಡ. ಅದರೊಳಗಿನಿಂದಲೇ ಅಂದ, “ನಮ್ಮ ತಂಗಿ ದನಿ ಕೇಳಿದ್ನೆಪಾ ಇವತ್ತ.”

ಮರುದಿನ ಮೊದಲ ಬಸ್ಸಿಗೆ ಅವನು ಒಬ್ಬನೇ ಹೋದ.

ಆಮೇಲೆ ಅಕ್ಕೋರು ನಮ್ಮ ಓಣಿಯಲ್ಲೇ ಇದ್ದರು. ಮಕ್ಕಳನ್ನು ಮನೆಗೆ ಕರೆಸಿಕೊಂಡು ಅಕ್ಷರ ತಿದ್ದಿಸಿದರು. ಪ್ರತಿ ಮೇ ತಿಂಗಳೂ ಅವರ ಬೆರಳು, ನನ್ನ ಬಾಯಿ. ಅವರು ಏನನ್ನು ಹೇಳಬಯಸುತ್ತಾರೆಂದು ನಾನು ಅರಿಯಬೇಕಾದರೆ ಅವರು ನೋಡಿದ್ದನ್ನು ನಾನೂ ನೋಡಬೇಕಿತ್ತು. ಅಂಗಳದಲ್ಲಿ ಒಣಗಿದ ಹಲಸಿನ ಹಪ್ಪಳ ಚಾಪೆಯಿಂದ ಏಳುವಾಗಿನ ಚಟಪಟ, ಮಲ್ಲಿಗೆ ಕಟ್ಟಿದ ಬಾಳೆನಾರಿನ ಒದ್ದೆ. ಊರನ್ನೆಲ್ಲ ನಗಿಸಿ ಬದುಕಿದ ನಾನು ದಿನವಿಡೀ ಕಣ್ಣು ತೆರೆದುಕೊಂಡಿರುವುದನ್ನು ಕಲಿತದ್ದು ಮಾತಿಲ್ಲದ ಆ ಹೆಂಗಸಿನಿಂದ.

ಕಳೆದ ಮೇ ತಿಂಗಳಲ್ಲಿ ಅವರು ಹೋದರು. ಅಣ್ಣನ ಮನೆಯವರು ಬಂದು ಊರಿಗೆ ಒಯ್ದರು. ಅವರ ಪದ್ಧತಿಯಂತೆ ಮಣ್ಣು ಮಾಡಿದರು. ನಾನೂ ಟೇಲರ್ ಮಾಮನೂ ಹೋಗಿ, ನಮ್ಮ ಪಾಲಿನ ಮಣ್ಣು ಹಾಕಿ ಬಂದೆವು. “ಒಳಗೆ ಬರಡ, ಮೊದ್ಲು ಮಿಂದ್ಕ ಬಾ,” ಎಂದಳು ಆಯಿ. ಮಿಂದು ಬಂದು ನೋಡಿದರೆ ಬೀಗ ಹಾಕಿದ ಮನೆಯ ಜಗುಲಿಯ ಮೇಲೆ ಓಣಿಯವರೆಲ್ಲ ಕೂತಿದ್ದರು. ಹೋಗಿ ಕೂತೆ. ಎಲ್ಲರೂ ನನ್ನ ಬಾಯನ್ನೇ ನೋಡಿದರು. ಉಸಿರು ತೆಗೆದುಕೊಂಡೆ; ದನಿ ಹೊರಡಲಿಲ್ಲ.

ಕಡೆಗೆ ಆಯಿಯೇ ಕೇಳಿದಳು. ಸ್ವಂತ ದನಿಯಲ್ಲಿ, ಮೆಲ್ಲಗೆ: “ನಿಂಗೆ ಇವತ್ತು ಎಂತ ಸಿಕ್ತೋ?”

“ಅಲ್ಲಿ ನೆಲ ಕಾಲು ಸುಡ್ತಿತ್ತು ಆಯಿ,” ಎಂದೆ. “ಆದ್ರೆ ಅವ್ರ ಮೇಲೆ ಹಾಕಿದ ಮಣ್ಣು ಆಳದಿಂದ ತೆಗೆದದ್ದು. ಮುಷ್ಟಿಯಲ್ಲಿ ಹಿಡದಾಗ ತಂಪಿತ್ತು.”