ನನ್ನ ಹುಳಿಯನ್ನ ಹೋಗಿಬಂದ ಪ್ರವಾಸ

ನಮ್ಮ ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಏರ್ಕಾಡು ಬೆಟ್ಟ ಕಾಣುತ್ತದೆ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ನೇಕಾರರ ಪೈಕಿ ಸೇಲಂನಲ್ಲಿ ಹುಟ್ಟಿ, ಸೇಲಂನಲ್ಲೇ ಮದುವೆಯಾಗಿ, ಗಂಡನನ್ನು ಕಳೆದುಕೊಂಡು ಮತ್ತೆ ಅಣ್ಣನ ಮನೆಯ ಪಕ್ಕದ ಕೋಣೆಗೆ ಬಂದು ಮಗ್ಗ ಹಾಕಿಕೊಂಡವಳು ನಾನು. ಐವತ್ತು ದಾಟಿದೆ. ಇಷ್ಟು ವರ್ಷ ಆ ಬೆಟ್ಟವನ್ನು ದಿನಾ ನೋಡಿದ್ದೇನೆ, ಒಮ್ಮೆಯೂ ಹತ್ತಿಲ್ಲ. ಬೆಂಗಳೂರಿನವರು, ಚೆನ್ನೈನವರು ಕಾರು ಮಾಡಿಕೊಂಡು ಬಂದು ಹತ್ತಿ ಇಳಿದು ಹೋಗುತ್ತಾರೆ. ನಮಗೆ ಹಿತ್ತಲ ಗಿಡ ಮದ್ದಲ್ಲ.

ಹಾಗಿರುವಾಗ ಹೋದ ಬೇಸಿಗೆ ಹತ್ತಿರ ಬರುತ್ತಿದ್ದಂತೆ ಒಂದು ದಿನ ಅಣ್ಣ ಕಾಫಿ ಲೋಟ ಹಿಡಿದು ನನ್ನ ಬಾಗಿಲಿಗೆ ಬಂದ.

"ಈ ಬ್ಯಾಸಗೆಗೆ ಮನೆಮಂದಿ ಎಲ್ಲಾ ಓಗಾನ ಕಣವ್ವಾ. ಬೆಟ್ಟಾನೂ ಅತ್ತಾನ, ಮೀನೂ ಇಡಿಯಾನ. ಪ್ಲಾನೆಲ್ಲಾ ನೀನೇ ಆಕು. ಇವರಿಗೆಲ್ಲಾ ಏನೂ ತೆರಿಯಾದು."

ಉಳಿದವರಿಗೇನೂ ತಿಳಿಯದು ಎಂದನಲ್ಲ, ನನಗೆ ಇಷ್ಟು ಸಾಕಾಗಿತ್ತು. ಮಗ್ಗದ ಗುಂಡಿಯಲ್ಲಿ ಕೂತು ಕಾಲಲ್ಲಿ ತುಳಿಯುತ್ತಾ, ಎದುರಿಗೆ ಫೋನು ಒರಗಿಸಿಟ್ಟುಕೊಂಡು, ಊರೂರು ತಿರುಗುವ ತಮಿಳು ಹುಡುಗರ ವಿಡಿಯೋಗಳನ್ನೆಲ್ಲಾ ನೋಡಿದೆ. ಮೊದಲನೇ ದಿನ ಏರ್ಕಾಡು. ಕಾಲು ಗಟ್ಟಿ ಇರುವವರು ಬೆಟ್ಟದ ಬುಡದ ಅಡಿವಾರದಿಂದ ಹಳೇ ಕಾಲುದಾರಿಯಲ್ಲಿ ಹತ್ತುವುದು, ಉಳಿದವರು ವ್ಯಾನಿನಲ್ಲಿ ತಿರುವು ಸುತ್ತಿಕೊಂಡು ಬಂದು ಮೇಲಿನ ಕೆರೆಯ ಹತ್ತಿರ ಸಿಗುವುದು. ಅಲ್ಲಿಂದ ಇಳಿದು ಮೇಚೇರಿಯಲ್ಲಿ ನಮ್ಮ ಚಿಕ್ಕಮ್ಮನ ತೋಟದಲ್ಲಿ ತಂಗುವುದು. ಮಾರನೇ ದಿನ ಮೆಟ್ಟೂರಿನ ಹಿನ್ನೀರಲ್ಲಿ ಗಾಳ ಹಾಕುವುದು. ಕೊನೇ ದಿನ ಹೊಗೇನಕಲ್ಲು: ಹರಿಗೋಲು, ನೀರು, ಕರಿದ ಮೀನು. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಮಗುಚುತ್ತಲೇ ಇರುತ್ತವಾದ್ದರಿಂದ ಕತ್ತಲಾಗುವ ಮುಂಚೆ ಅದನ್ನು ದಾಟಿ ಮನೆ ಸೇರುವುದು. ಯಾರಿಗೆ ವ್ಯಾನಿನಲ್ಲಿ ವಾಂತಿ ಬರುತ್ತದೆ, ಅವರು ಎಲ್ಲಿ ಕೂರಬೇಕು ಎಂಬುದನ್ನೂ ನಾನೇ ಗೊತ್ತು ಮಾಡಿದ್ದೆ.

ಕ್ಯಾನ್ವಾಸ್ ಬೂಟು ಕೊಂಡೆ. ಅದು ಕಾಲಿಗೆ ಪಳಗಲಿ ಎಂದು ಸಂಜೆ ಹೊತ್ತು ಮಹಡಿಯ ಮೇಲೆ ಹಾಕಿಕೊಂಡು ನಡೆಯುತ್ತಿದ್ದೆ. ಅತ್ತಿಗೆ ಕೆಳಗಿನಿಂದ ಕೂಗುತ್ತಿದ್ದಳು: "ಏನು ನಾದಿನೀ, ಗುಂಡಿಗೆ ಇಳಿಯಾಕೂ ಬೂಟು ಬೇಕಾ?" ಆಡಿಕೊಳ್ಳಲಿ ಎಂದು ನಾನೂ ನಗುತ್ತಿದ್ದೆ.

ನಿಜ ಹೇಳಬೇಕೆಂದರೆ ಬೆಟ್ಟಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಆ ಗಾಳ. ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರನ್ನು ಮೆಟ್ಟೂರಿಗೆ ಕರೆದುಕೊಂಡು ಹೋಗಿದ್ದ. ನನ್ನ ಗಾಳಕ್ಕೆ ಬಿದ್ದ ಮೀನು ದಡದ ಕಲ್ಲಿನ ಮೇಲೆ ಕುಪ್ಪಳಿಸಿ ಮತ್ತೆ ನೀರಿಗೆ ಜಾರುವುದರಲ್ಲಿತ್ತು. ಅಣ್ಣ ಅದರ ಮೇಲೆ ಬೋರಲು ಬಿದ್ದು ಹೊಟ್ಟೆಯಲ್ಲಿ ಒತ್ತಿ ಹಿಡಿದ. ಅಂಗಿಯೆಲ್ಲ ಕೆಸರು. ಅಪ್ಪ ಬಂದು "ಯಾರು ಇಡಿದಿದ್ದು?" ಎಂದಾಗ, "ನಾನಲ್ಲ, ತಂಗಿ" ಎಂದ. ಅವನೆಂದರೆ ನನಗೆ ಇಂದಿಗೂ ಆ ಕೆಸರಂಗಿಯ ಹುಡುಗನೇ. ಅದೇ ನನ್ನ ಮೂರ್ಖತನ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಸೀರೆಯ ಉದ್ದದ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಈಗ ಬಹಳ ಮನೆಗಳಿಗೆ ಅದು ಗಂಜಿ ಹಾಕಿ ಸಿದ್ಧವಾಗಿಯೇ ಬರುತ್ತದೆ. ನಮ್ಮ ಬೀದಿಯಲ್ಲಿ ಮಾತ್ರ ಕೆಲವರು ಇನ್ನೂ ಬೆಳಿಗ್ಗೆ ಎದ್ದು ಬೀದಿಯುದ್ದಕ್ಕೂ ಹಾಸು ಚಾಚಿ, ಗಂಜಿ ಬಳಿದು, ಬಿಸಿಲು ಏರುವ ಮುಂಚೆ ಒಣಗಿಸುತ್ತಾರೆ. ಒಂದು ತುದಿ ಗೂಟಕ್ಕೆ. ಇನ್ನೊಂದು ತುದಿಗೆ ಕೋಲು, ಅದರ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬಿಗಿಯಾಗಿ ಎಳೆದು ನಿಲ್ಲಬೇಕು. ಬಿಟ್ಟರೆ ಒದ್ದೆ ಎಳೆಗಳು ಒಂದಕ್ಕೊಂದು ಅಂಟಿ ಆ ಮನೆಯವರ ಅನ್ನ ಮಣ್ಣಾಗುತ್ತದೆ. ಅದಕ್ಕೇ ಕರೆದರೆ ಯಾರೂ ಇಲ್ಲ ಎನ್ನುವಂತಿಲ್ಲ, ಹಿಡಿದ ಮೇಲೆ ಯಾರೂ ಬಿಡುವಂತಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಬಂದು ಹಿಡಿಯುತ್ತಾರೆ, ಹಿಡಿದು ಮುಗಿಸಿ ಮತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಾನು ಮೊದಲ ಸಲ ಕೋಲು ಹಿಡಿದಾಗ ಪಕ್ಕದಲ್ಲಿ ನಿಂತು ಪಾಠ ಹೇಳಿದವನು ಅಣ್ಣನೇ: "ಮೂಗಿನ ಮ್ಯಾಲೆ ಚೇಳು ಕುಂತ್ರೂ ಕೋಲು ಬಿಡಬ್ಯಾಡ."

ಹೊರಡುವ ಹಿಂದಿನ ಸಂಜೆ ಅವನು ಬಂದು ಹೇಳಿದ: "ಮೂಲೆಮನೆ ದೊಡ್ಡಮ್ಮನ ಹಾಸು ನಾಳೆ ಬೆಳಿಗ್ಗೆ. ಒಂದು ಕೈ ಕಮ್ಮಿ ಐತಂತೆ. ನೀನು ಓಗಿ ಇಡ್ಕೊ. ಅಷ್ಟೊತ್ತಿಗೆ ನಾವು ವಂಡಿಗೆ ಸಾಮಾನು ಏರಿಸ್ತಿರ್ತೀವಿ. ನಿನ್ನ ಬ್ಯಾಗು ನಾನೇ ಇಡ್ತೀನಿ, ಕವಲೆ ಪಡಬ್ಯಾಡ."

ಚಿಂತೆ ನಾನೇಕೆ ಮಾಡಲಿ? ಕೋಳಿ ಕೂಗುವ ಹೊತ್ತಿಗೆ ಎದ್ದು ಎಲ್ಲರಿಗೂ ಆಗುವಷ್ಟು ಹುಳಿಯನ್ನ ಕಲಸಿ ದೊಡ್ಡ ಡಬ್ಬಿಗೆ ತುಂಬಿದೆ. ಗಾಳದ ಕೋಲನ್ನು ಹಳೇ ಸೀರೆಯಲ್ಲಿ ಸುತ್ತಿ ಬ್ಯಾಗಿನ ಜೊತೆ ಅಣ್ಣನ ಜಗಲಿಯಲ್ಲಿಟ್ಟೆ. ಹಾಸು ಹಿಡಿಯುವಾಗ ಬರಿಗಾಲಲ್ಲೇ ನಿಲ್ಲುವುದು, ಹಾಗಾಗಿ ಬೂಟನ್ನು ಬಾಗಿಲ ಬಳಿ ಬಿಟ್ಟು ಹೋದೆ.

ಕೋಲಿನ ಆ ಕಡೆ ದೊಡ್ಡಮ್ಮ, ಈ ಕಡೆ ನಾನು. ಅವಳ ಸೊಸೆಯಂದಿರು ಗಂಜಿ ಬಳಿಯುತ್ತಾ ಬರುತ್ತಿದ್ದರು. ನಾನು ಸುಮ್ಮನಿರಲಾರದೆ, "ಬೇಗ ಆಗ್ಲಿ ದೊಡ್ಡಮ್ಮ, ವ್ಯಾನು ಕಾಯ್ತಾ ಐತೆ" ಎಂದೆ.

ದೊಡ್ಡಮ್ಮ ನನ್ನ ಮುಖ ನೋಡಿದಳು. "ಯಾವ ವ್ಯಾನು? ನೀನು ಓಗಾದಿಲ್ಲ ಅಂದ್ನಲ್ಲೇ ನಿಮ್ಮಣ್ಣ? ಮೊನ್ನೇನೇ ಬಂದು ಯೋಳ್ದ. ತಂಗಿ ಮನೇಲೇ ಇರ್ತಾಳೆ, ಬೇಕಾದ್ರೆ ಹಾಸು ಅವತ್ತೇ ಇಟ್ಕೊ, ಕಳಿಸ್ತೀನಿ ಅಂದ. ಅದಕ್ಕೇ ನಾನು ಇವತ್ತು ಇಟ್ಕೊಂಡಿದ್ದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾಗುವಷ್ಟರಲ್ಲಿ ವ್ಯಾನು ಬಂದೇಬಿಟ್ಟಿತು. ಬೀದಿಯಲ್ಲಿ ಹಾಸು ಇದ್ದುದರಿಂದ ಒಳಗೆ ಬರುವಂತಿರಲಿಲ್ಲ, ಹಿಂದಿನ ರಸ್ತೆಯಲ್ಲೇ ಎಲ್ಲರನ್ನೂ ಹತ್ತಿಸಿಕೊಂಡು ಬೀದಿಯ ಬಾಯಲ್ಲಿ ಅಡ್ಡಲಾಗಿ ಹಾದು ಹೋಯಿತು. ಕಿಟಕಿಗಳಲ್ಲಿ ಅತ್ತಿಗೆಯ ತಮ್ಮ, ಅವನ ಹೆಂಡತಿ, ಅವಳ ತಾಯಿ. ನಾನು ಗೊತ್ತು ಮಾಡಿದ್ದ ಜಾಗದಲ್ಲೆಲ್ಲ ಅವರು. ಅಣ್ಣನ ಮಗಳು "ಅತ್ತೇ! ಅತ್ತೆ ವರಲೆಯಾ ಅಪ್ಪಾ?" ಎಂದು, ನಾನು ಬರುತ್ತಿಲ್ಲವೇ ಎಂದು ಕೂಗಿ ವಿಚಾರಿಸಿದ್ದು ಕೇಳಿಸಿತು. ಮುಂದಿನ ಸೀಟಿನಲ್ಲಿದ್ದ ಅಣ್ಣ ತಿರುಗಲಿಲ್ಲ.

ಓಡಿದ್ದರೆ ಸಿಗುತ್ತಿತ್ತು. ಬೀದಿಯ ತಿರುವಿನಲ್ಲಿ ಯಾವ ವ್ಯಾನೂ ಜೋರಾಗಿ ಹೋಗಲಾಗುವುದಿಲ್ಲ. ಆದರೆ ನನ್ನ ಕೈಯಲ್ಲಿ ದೊಡ್ಡಮ್ಮನ ಹಾಸಿತ್ತು, ಗಂಜಿ ಇನ್ನೂ ಹಸಿಯಾಗಿತ್ತು. ನಾನು ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ನಿಲ್ಲಿಸಿದ್ದ. ಕಳ್ಳನಾದರೂ ಬೀಗ ಒಡೆಯುವ ಕಷ್ಟ ಪಡುತ್ತಾನೆ, ಇವನು ತಾನೇ ಕಲಿಸಿದ ಪಾಠದಿಂದ ನನ್ನನ್ನು ಕಟ್ಟಿಹಾಕಿ ಹೋದ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಏನೆಂದು ಅವತ್ತು ತಿಳಿಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಕೈ ಖಾಲಿ ಇರಲಿಲ್ಲ. ದೊಡ್ಡಮ್ಮ ಕೋಲಿನ ಆ ಕಡೆಯಿಂದ "ಅಳಬ್ಯಾಡ ತಾಯಿ, ಅಳಬ್ಯಾಡ" ಎನ್ನುತ್ತಾ ತಾನೂ ಅಳುತ್ತಿದ್ದಳು.

ಒಣಗಿದ ಮೇಲೆ ಮನೆಗೆ ಬಂದೆ. ಜಗಲಿಯಲ್ಲಿ ನನ್ನ ಬ್ಯಾಗೊಂದು ಬಿಟ್ಟು ಏನೂ ಇರಲಿಲ್ಲ. ಗಾಳ ಹೋಗಿತ್ತು. ಡಬ್ಬಿ ಹೋಗಿತ್ತು. ನನಗೆ ಜಾಗವಿಲ್ಲದ ವ್ಯಾನಿನಲ್ಲಿ ನನ್ನ ಹುಳಿಯನ್ನಕ್ಕೆ ಜಾಗವಿತ್ತು!

ಅವರು ತಿರುಗಿ ಬಂದ ದಿನ ಅತ್ತಿಗೆ ಬಾಳೆ ಎಲೆಯಲ್ಲಿ ಸುತ್ತಿದ ಹೊಗೇನಕಲ್ಲಿನ ಮೀನು ತಂದುಕೊಟ್ಟಳು. ನಾನದನ್ನು ಬೆಕ್ಕಿಗೆ ಹಾಕಿದೆ. ಅಣ್ಣ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಮೂಲೇಲಿ ಒಂದು ನಿಮಿಷ ನಿಂತಿದ್ವಿ ಕಣವ್ವಾ. ಕೋಲು ಬಿಟ್ಟು ಓಡಿ ಬರಬೋದಿತ್ತಲ್ಲ ನೀನು?" ಎಂದ. ಜಾಗ ಸಾಲದು ಎಂದಿದ್ದರೆ ಬಯ್ಯುತ್ತಿದ್ದೆ, ಎರಡು ದಿನ ಉಣ್ಣದೆ ಇರುತ್ತಿದ್ದೆ, ಅಷ್ಟೇ. ಆದರೆ ತಪ್ಪನ್ನೂ ನನ್ನ ತಲೆಗೇ ಕಟ್ಟಿದನಲ್ಲ, ಅದು ಇನ್ನೂ ಉರಿಯುತ್ತದೆ.

ಆಡಿ ತಿಂಗಳು, ಅಂದರೆ ಆಷಾಢ, ಕಳೆದ ಮೇಲೆ ಅಣ್ಣನ ಹಾಸು ಬೀದಿಗೆ ಬಂತು. ಕರೆಯಲು ಅವನಿಗೆ ಬಾಯಿ ಬರಲಿಲ್ಲ. ನಾನೇ ಹೋಗಿ ಕೋಲಿನ ಈ ಕಡೆ ಹಿಡಿದೆ, ಆ ಕಡೆ ಅವನು. ಗಂಜಿ ಬಳಿದು ಮುಗಿಯಿತು, ಎಳೆಗಳೆಲ್ಲ ಒದ್ದೆಯಾಗಿ ಮಿನುಗುತ್ತಿದ್ದವು. ಆಗ ಕೇಳಿದೆ.

"ಕೋಲು ಬಿಟ್ಟು ಓಡಿ ಬರಬೋದಿತ್ತು ಅಂದ್ಯಲ್ಲಣ್ಣ. ಈಗ ಬಿಡ್ಲಾ?"

ಅವನ ಮುಖ ಬಿಳುಚಿತು. ಗಂಜಿಯ ಕುಂಚ ಹಿಡಿದ ಅತ್ತಿಗೆ ಕೂತಲ್ಲೇ ಕೂತಳು.

"ಬ್ಯಾಡ ತಂಗಿ," ಎಂದ. "ಅವತ್ತು ನಿನ್ನ ಮೊಕ ನೋಡಿ ಯೋಳಾಕೆ ನನ್ ಕೈಲಿ ಆಗ್ಲಿಲ್ಲ."

"ಇವತ್ತು ನೋಡು."

ನೂಲು ಒಣಗುವ ತನಕ ಇಬ್ಬರೂ ಹಾಗೇ ಎದುರುಬದುರು ನಿಂತಿದ್ದೆವು. ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಒಣಗಿದ ಮೇಲೆ ನನ್ನ ತುದಿಯನ್ನು ಅತ್ತಿಗೆಯ ಕೈಗಿಟ್ಟು ಬಂದೆ. "ಬರೋ ಬ್ಯಾಸಗೆಗೆ ಖಂಡಿತಾ ಕರ್ಕೊಂಡು ಓಗ್ತೀನಿ" ಎಂದು ಅವನು ಹಿಂದಿನಿಂದ ಹೇಳಿದ. ಹೂಂ ಎಂದೆ.

ಈಗಲೂ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ, ಮಾತಾಡುತ್ತೇವೆ, ಹಬ್ಬಕ್ಕೆ ಒಟ್ಟಿಗೆ ಉಣ್ಣುತ್ತೇವೆ. ಆದರೆ ಅವನು ಗೋಡೆಯಾಚೆಯಿಂದ "ಮಳೆ ಬತ್ತಾ ಐತೆ, ಬಟ್ಟೆ ತಗೊಳ್ಳವ್ವಾ" ಎಂದು ಕೂಗಿದರೂ, ನಾನು ಮೊದಲು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತೇನೆ.