ಅರ್ಥ್ ಆಗೇತಿಲ್ಲ?

ಕುಷ್ಟಗಿಯ ನಮ್ಮ ಮಾಸ್ತರರ ಗಂಟಲಿನ ಆಪರೇಷನ್ ಸೋಮವಾರಕ್ಕೆ ನಿಗದಿಯಾಗಿತ್ತು. ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ನನಗೆ ಹ್ಯಾಮ್ ರೇಡಿಯೋ ಕಲಿಸಿದವರೇ ಅವರು. ದಿನಾ ಬೆಳಗ್ಗೆ ಏಳಕ್ಕೆ ಅವರು ಅಲ್ಲಿಂದ, ನಾನು ಗಂಗಾವತಿಯಿಂದ ಮಾತಾಡುವುದು ಎಷ್ಟೋ ವರ್ಷದ ರೂಢಿ. ಇನ್ನು ಉಳಿದದ್ದು ನಾಲ್ಕೇ ಬೆಳಗು. ಅಷ್ಟರಲ್ಲೇ ನನ್ನ ಸೆಟ್ಟಿಗೆ ದೆವ್ವ ಹೊಕ್ಕಿತು.

ಮಾಸ್ತರರು ‘ನಮಸ್ಕಾರ’ ಎನ್ನುತ್ತಿದ್ದಂತೆ ಯಾವುದೋ ಬಾನುಲಿ ಕೇಂದ್ರ ಅವರ ಮೇಲೇರಿ ಕೂತು, ಭತ್ತದ ಬೆಂಕಿ ರೋಗಕ್ಕೆ ಔಷಧ ಹೇಳತೊಡಗಿತು. ನಾಬ್ ಎತ್ತ ತಿರುಗಿಸಿದರೂ ಅದೇ.

“ನಿಮ್ಮ ಮಾಸ್ತರು ಒಕ್ಕಲತನ ಕಲಸಾಕತ್ತಾರೇನ್ರಿ?” ಎಂದಳು ಹೆಂಡತಿ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಸ್ಪೀಕರ್ ಹಾಕಿ ಮಾಸ್ತರರಿಗೆ ಫೋನ್ ಮಾಡಿದೆ. ಫೋನಿನಲ್ಲಿ ಅವರು ಕೆಲಸದ್ದಷ್ಟೇ ಮಾತಾಡಿ ಇಟ್ಟುಬಿಡುವ ಮನುಷ್ಯ, ಹರಟೆಯೆಲ್ಲ ರೇಡಿಯೋದಲ್ಲೇ.

“ಅದು ಜೋರಿನ ಸ್ಟೇಷನ್ ತಮ್ಮಾ, ಒಳಗ ನುಗ್ಗಾಕತ್ತೈತಿ. ಏರಿಯಲ್‌ಗೂ ಸೆಟ್‌ಗೂ ನಡುವ ಒಂದು ಫಿಲ್ಟರ್ ಹಾಕು,” ಎಂದು ಎಲ್ಲ ಬಿಡಿಸಿ ಹೇಳಿ, ಕೊನೆಗೆ ಕೇಳಿದರು, “ಅರ್ಥ್ ಆಗೇತಿಲ್ಲ?”

“ಆಗೇತ್ರಿ ಸರ್ರ.”

“ಹಂಗಾರ ಅದರ ಚಿಂತಿ ಬಿಡು.”

ಫಿಲ್ಟರ್ ಕಟ್ಟಿದೆ. ಬೆಂಕಿ ರೋಗ ಹೋಗಲಿಲ್ಲ. ಏರಿಯಲ್ ಇಳಿಸಿ ಮತ್ತೆ ಏರಿಸಿದೆ. ಮನೆ ಹಿಂದಿನ ರೈಸ್ ಮಿಲ್ಲಿನ ಮೇಲೆ ಗುಮಾನಿಪಟ್ಟೆ; ಮಿಲ್ಲು ಬಂದ್ ಇದ್ದಾಗಲೂ ಅದೇ ಹಾಡು. ಮತ್ತೆ ಫೋನ್ ಮಾಡಿದರೆ ಮತ್ತದೇ ಪ್ರಶ್ನೆ, ಅದೇ ಉತ್ತರ. ಮೂರು ಬೆಳಗು ಹೀಗೇ ಮಣ್ಣುಪಾಲಾದವು.

ಭಾನುವಾರ ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹೆಂಡತಿ ಚಹಾ ಇಟ್ಟು ಕೇಳಿದಳು, “ಸರ್ರು ದಿನಾ ಅರ್ಥ್ ಅರ್ಥ್ ಅಂತಾರಲ್ಲ, ಆ ಹಸಿರು ವೈರೇನ್ರಿ? ಗ್ವಾಡಿಗೆ ಸುಣ್ಣ ಹಚ್ಚೋವಾಗ ನಾನ ಬಿಚ್ಚಿಟ್ಟೀನಿ.”

ಅಯ್ಯೋ ನನ್ನ ಬುದ್ಧಿಗಿಷ್ಟು! ಅವರು ಕೇಳಿದ್ದು ನೆಲಕ್ಕೆ ಹೋಗುವ ಅರ್ಥ್ ತಂತಿಯನ್ನು. ನಾನು ಹೇಳಿದ್ದು ಪಾಠ ಅರ್ಥವಾಗಿದೆ ಎಂದು. ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ. ಓಡಿಹೋಗಿ ತಂತಿ ಬಿಗಿದು, ಅರ್ಥ್ ಗುಂಡಿಗೆ ಒಂದು ಕೊಡ ನೀರು ಸುರಿದೆ. ಬೆಂಕಿ ರೋಗದವನು ದೂರ ಸರಿದ. ಮಾಸ್ತರರ ಗೊಗ್ಗರು ದನಿ ಎದುರಿಗೇ ಕೂತಷ್ಟು ಚೊಕ್ಕವಾಗಿ ಬಂತು.

ನಡೆದದ್ದು ಹೇಳಿದೆ. “ಏ ಮಂಗ್ಯಾ!” ಎಂದು ಕೆಮ್ಮು ಬರುವತನಕ ನಕ್ಕರು. ಅರ್ಧ ತಾಸು ಮಾತಾಡಿದೆವು. ಆಪರೇಷನ್ ವಿಷಯ ಇಬ್ಬರೂ ಎತ್ತಲಿಲ್ಲ. ನನಗೆ ಭಯವಾಗಿತ್ತು.

ತಿಂಗಳ ಮೇಲೆ ಒಂದು ಬೆಳಗ್ಗೆ, ಏಳಕ್ಕೆ ಸರಿಯಾಗಿ, ಸೆಟ್ಟಿನಲ್ಲಿ ದನಿಯಿಲ್ಲದ ಮೋರ್ಸ್ ಕಟಕಟ ಕೇಳಿತು. ಎರಡು ಚುಕ್ಕೆ, ಎರಡು ಗೆರೆ, ಎರಡು ಚುಕ್ಕೆ. ಮೋರ್ಸ್‌ನಲ್ಲಿ ಅದು ಪ್ರಶ್ನೆಯ ಗುರುತು, ಅಷ್ಟೇ. ಮಾಸ್ತರರು ತಂತಿಯನ್ನು ಕೇಳಿದರೋ, ತಲೆಯನ್ನು ಕೇಳಿದರೋ, ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ಮೈಕ್ ಹಿಡಿದೆ.

“ಆಗೇತ್ರಿ ಸರ್ರ,” ಎಂದೆ.