ನಿಂಬೆ ಗಿಣ್ಣು ಒಡೆದ ದಿನ

ನಿಂಬೆಹಣ್ಣಿನ ಸಿಪ್ಪೆ ತುರಿಯುವಾಗ ಏಳುವ ವಾಸನೆಗೆ ಬಿಸಿ ಬೆಣ್ಣೆಯ ವಾಸನೆ ಬೆರೆತರೆ ಸಾಕು, ಮಧುಗಿರಿಯ ಈ ಅಡುಗೆಕೋಣೆ ಮರೆತುಹೋಗಿ ನಾನು ಶಿರಾದ ನಮ್ಮ ಹಳೇ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ, ಬೇಡವೆಂದರೂ ಕೈ ಹಿಡಿದು ಎಳೆದೊಯ್ಯುವಂಥದು. ನನ್ನದು ಸಿಹಿತಿಂಡಿಯ ವಾಸನೆ. ಆದರೆ ಅದು ಕರೆದೊಯ್ಯುವ ಜಾಗದಲ್ಲಿ ಸಿಹಿಯೇನೂ ಉಳಿದಿಲ್ಲ. ಚಿಕ್ಕಪ್ಪಂದಿರು ಪಾಲು ಮಾಡಿಕೊಂಡು ಮಾರಿದ ಮೇಲೆ ಅಲ್ಲೊಂದು ಮೊಬೈಲ್ ಅಂಗಡಿ ಬಂದಿದೆ. ನಿಂಬೆ ಗಿಡವಿದ್ದ ಕಡೆ ಬೈಕು ನಿಲ್ಲಿಸುತ್ತಾರೆ.

ಆ ತಿಂಡಿಯನ್ನು ಮನೆಗೆ ತಂದವರು ದಾದಾ, ಅಂದರೆ ನನ್ನ ತಂದೆಯ ತಂದೆ. ಪ್ರವಾಸಿ ಬಂಗಲೆಯಲ್ಲಿ ಅಡುಗೆಯವರಾಗಿದ್ದ ಅವರು ದೊಡ್ಡ ಅಧಿಕಾರಿಗಳ ಬ್ರೆಡ್ಡಿಗೆ ಸವರಿ ಕೊಡುತ್ತಿದ್ದ ಲೆಮನ್ ಕರ್ಡನ್ನು ದಾದಿಗೆ, ಅಂದರೆ ನನ್ನಜ್ಜಿಗೆ, ಕಲಿಸಿಕೊಟ್ಟಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ದಾದಾ ಇರಲಿಲ್ಲ, ಆ ಇಂಗ್ಲಿಷ್ ಹೆಸರೂ ಇರಲಿಲ್ಲ. ಎಳೇ ಗಿಣ್ಣಿನ ಹಾಗೆ ನಡುಗುತ್ತಿದ್ದರಿಂದ ನಮಗೆಲ್ಲ ಅದು ನಿಂಬೆ ಗಿಣ್ಣು. ದಾದಿ ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರ ಮೇಲೆ ಕಲಾಯಿ ಹಾಕಿಸಿದ ಹಿತ್ತಾಳೆ ಬೋಗುಣಿ ಕೂರಿಸಿ, ಮೊಟ್ಟೆಯ ಹಳದಿ, ಸಕ್ಕರೆ, ನಿಂಬೆರಸ, ಬೆಣ್ಣೆ ಎಲ್ಲವನ್ನೂ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕೂರುತ್ತಿದ್ದಳು. ಕೈ ನಿಂತರೆ ಮೊಟ್ಟೆ ಬೆಂದು ಗಂಟುಗಂಟಾಗಿ ಒಡೆದುಹೋಗುತ್ತಿತ್ತು. ಬೇರೆಯವರ ಕೈಗೆ ಚಮಚ ಕೊಡುತ್ತಲೂ ಇರಲಿಲ್ಲ, ಕೈ ಬದಲಾದರೂ ಕೆಡುತ್ತದೆಂದು ಅವಳ ನಂಬಿಕೆ. ಮಿಡಿಗೇಶಿಯಲ್ಲಿ ಹುಟ್ಟಿ ಬೆಳೆದ ದಾದಿಯ ಬಾಯಲ್ಲಿ ಉರ್ದುವಿಗಿಂತ ಕನ್ನಡವೇ ಮುಂದು. "ಗಿಣ್ಣಿಗೆ ಕುಂತೋರು ಯಾರು ಕರದ್ರೂ ಏಳಬಾರ್ದು ಕಣಮ್ಮ" ಅನ್ನುತ್ತಿದ್ದಳು. ಬಾಗಿಲಿಗೆ ನೆಂಟರು ಬಂದು ನಿಂತರೂ ಏಳುತ್ತಿರಲಿಲ್ಲ. ಅವಳ ಗಿಣ್ಣು ಒಮ್ಮೆಯೂ ಒಡೆದದ್ದನ್ನು ನಾನು ಕಂಡಿರಲಿಲ್ಲ. ಚಮಚದ ಬೆನ್ನಿಗೆ ನುಣ್ಣಗೆ ಅಂಟಿ ನಿಲ್ಲುತ್ತಿತ್ತು. ಬಿಸಿ ಚಪಾತಿಗೆ ಸವರಿ ಸುರುಳಿ ಸುತ್ತಿ ನಮ್ಮ ಕೈಗಿಡುತ್ತಿದ್ದಳು, ಮೊಣಕೈವರೆಗೂ ಸೋರಿಸಿಕೊಂಡು ತಿನ್ನುತ್ತಿದ್ದೆವು.

ಅದೆಲ್ಲ ಸುಖದ ಕಾಲ. ಆಮೇಲೆ ಫೂಫಿ ಬಂದಳು. ಫೂಫಿ ಎಂದರೆ ಅಬ್ಬಾನ ತಂಗಿ, ದಾದಿಯ ಒಬ್ಬಳೇ ಮಗಳು. ಪಾವಗಡಕ್ಕೆ ಕೊಟ್ಟಿದ್ದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಗಂಡನ ಮನೆಯವರು ನೋಡಿಕೊಳ್ಳಲಾರೆವೆಂದು ಒಂದು ಟ್ರಂಕಿನ ಜೊತೆ ತಂದು ಬಿಟ್ಟುಹೋದರು. ತುಮಕೂರಿನ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು. ಕೇಳಿದ್ದು ಕೊಡಿ ಎಂಬುದರ ಅರ್ಥ ಆ ವಯಸ್ಸಿನಲ್ಲಿ ನನಗೆ ಆಗಲಿಲ್ಲ, ಒಳ್ಳೇ ಡಾಕ್ಟರು ಅಂದುಕೊಂಡೆ. ಔಷಧಿಯ ಕಹಿಗೆ ಫೂಫಿಯ ನಾಲಿಗೆ ಸತ್ತುಹೋಗಿತ್ತು. ಅನ್ನ ಸೇರದು, ಗಂಜಿ ಸೇರದು. ನಿಂಬೆ ಗಿಣ್ಣೊಂದು ಮಾತ್ರ ಒಳಗೆ ಹೋಗಿ ಒಳಗೇ ಉಳಿಯುತ್ತಿತ್ತು. ಹಾಗಾಗಿ ದಾದಿ ದಿನಾ ಒಲೆ ಮುಂದೆ ಕೂತಳು. ಬೋಗುಣಿ ಖಾಲಿಯಾಗದಿದ್ದರೆ ಮಗಳೂ ಉಳಿಯುತ್ತಾಳೆ ಎಂದು ಅವಳು ನಿಜಕ್ಕೂ ನಂಬಿದ್ದಳು. ಆ ಮೂಳೆಚಕ್ಕಳಕ್ಕೆ ಒಂದೊಂದೇ ಚಮಚ ಇಡುವಾಗ ಅವಳ ಬಾಯಿಯೂ ಜೊತೆಗೆ ತೆರೆದು ಮುಚ್ಚುತ್ತಿತ್ತು.

ಅವತ್ತು ಮಧ್ಯಾಹ್ನ ಗಿಣ್ಣು ಇನ್ನೇನು ಗಟ್ಟಿಯಾಗಬೇಕು, ಒಳಗಿನಿಂದ ಫೂಫಿ "ಅಮ್ಮೀ" ಎಂದು ಕರೆದಳು. "ಬಂದೆ ಕಣವ್ವಾ, ಇನ್ನೇನ್ ಆಗೋಯ್ತು" ಎಂದಳು ದಾದಿ, ಕೈ ನಿಲ್ಲಿಸದೆ. ಮತ್ತೆ ಕರೆದಾಗ ನನ್ನನ್ನು ಕಳಿಸಿದಳು. ಫೂಫಿ ನನ್ನನ್ನು ನೋಡಿ, "ನೀನಲ್ಲ, ಅಮ್ಮೀನ ಕರಿ" ಎಂದಳು. ಓಡಿಹೋಗಿ ಹೇಳಿದೆ. ದಾದಿಯ ಮುಖ ಬೋಗುಣಿಯ ಆವಿಯಲ್ಲಿ ಬೆವೆತಿತ್ತು. "ಈಗೆದ್ರೆ ಎಲ್ಲಾ ಒಡ್ದೋಯ್ತದೆ, ಆಮೇಲೆ ಅವಳು ಏನ್ ತಿಂತಾಳೆ? ತಗೊಂಡೇ ಬತ್ತೀನಿ ಅನ್ನು." ನಾನು ಅದನ್ನು ಹೇಳಲು ಹೋದಾಗ ಫೂಫಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂತೆಂದು ಬಾಗಿಲಲ್ಲೇ ನಿಂತೆ. ದಾದಿ ಬಟ್ಟಲು ಹಿಡಿದು ಬಂದು, ಚಮಚ ತುಟಿಗಿಟ್ಟು, ಹೆಸರು ಹಿಡಿದು ಕರೆದಳು. ಗಿಣ್ಣು ಗಲ್ಲದ ಮೇಲೆ ಇಳಿಯಿತು. ದಾದಿ ಅದನ್ನು ಸೆರಗಿನಿಂದ ಒರೆಸಿ ಇನ್ನೊಂದು ಚಮಚ ಇಟ್ಟಳು. ಅಬ್ಬಾ ಬಂದು ಕೈಯಿಂದ ಬಟ್ಟಲು ಬಿಡಿಸಿಕೊಳ್ಳುವವರೆಗೂ ಇಡುತ್ತಲೇ ಇದ್ದಳು.

ಸಾವಿನ ಮನೆಯಲ್ಲಿ ಒಲೆ ಉರಿಸುವುದಿಲ್ಲ, ಊಟ ಅಕ್ಕಪಕ್ಕದ ಮನೆಗಳಿಂದ ಬಂತು. ಪಕ್ಕದ ಮನೆಯ ಗಂಗಮ್ಮ ಬೋಗುಣಿಯಲ್ಲಿ ಉಳಿದಿದ್ದ ಗಿಣ್ಣನ್ನು ದಾದಿಯ ಕಣ್ಣಿಗೆ ಬೀಳದಂತೆ ನಿಂಬೆ ಗಿಡದ ಬುಡಕ್ಕೆ ಸುರಿದು ಮಣ್ಣು ಎಳೆದಳು. ಎಂದಿನಂತೆ ನುಣ್ಣಗಿತ್ತು, ಒಂದು ಗಂಟೂ ಇರಲಿಲ್ಲ.

ನಲವತ್ತನೆಯ ದಿನದ ಫಾತಿಹಾಕ್ಕೆ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿಟ್ಟು ಓದಿಸುವುದು ನಮ್ಮಲ್ಲಿ ವಾಡಿಕೆ. ದಾದಿ ತಾನೇ ಮಾಡುತ್ತೇನೆಂದು ಕೂತಳು. ಮನೆ ತುಂಬ ನೆಂಟರು. ಗಿಣ್ಣು ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ಹಿತ್ತಿಲ ಕಡೆಯಿಂದ ಗಂಗಮ್ಮ "ಬೂಬಮ್ಮಾ" ಎಂದು ಕೂಗಿದಳು. ಹಾಲು ತಂದಿದ್ದಳು, ಅಷ್ಟೆ. ದಾದಿ ಚಮಚ ಬಿಟ್ಟು ಎದ್ದಳು. ಮೊಣಕಾಲು ನೋವಿನ ಆ ಮುದುಕಿ ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಅಯ್ಯೋ, ಒಲೆ ಬುಟ್ಟು ಯಾಕ್ ಬಂದ್ರಿ ಬೂಬಮ್ಮ, ಒಡ್ದೋಗಕ್ಕಿಲ್ವಾ?" ಎಂದು ಗಂಗಮ್ಮ ಗಾಬರಿಯಾದಳು.

"ಕರದ್ಯಲ್ಲ" ಎಂದಳು ದಾದಿ.

ಒಡೆದ ಗಿಣ್ಣನ್ನೇ ಓದಿಸಿದರು. ಬಂದವರೆಲ್ಲ ಆ ಗಂಟುಗಳನ್ನೇ ತಿಂದರು. ಆಮೇಲೆ ದಾದಿ ಬದುಕಿದ್ದಷ್ಟು ದಿನ ಹೀಗೆಯೇ: ಯಾರು ಕರೆದರೂ, ಬೀದಿಯಲ್ಲಿ ಸೊಪ್ಪಿನವಳು ಕೂಗಿದರೂ, ಕೈಯಲ್ಲಿದ್ದ ತುತ್ತು ಬಿಟ್ಟು ಏಳುತ್ತಿದ್ದಳು. ನಾವು ಮನೆಯಲ್ಲಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಕರೆಯುವುದನ್ನೇ ನಿಲ್ಲಿಸಿದೆವು.

ಈಗ ಇಲ್ಲಿ ನಾನು ಬೋಗುಣಿ ಇಟ್ಟುಕೊಂಡು ಕೂರುತ್ತೇನೆ. ಒಳಗಿನಿಂದ ಮಗಳು "ಅಮ್ಮೀ" ಅನ್ನುತ್ತಾಳೆ. ಬಾಚಣಿಗೆ ಎಲ್ಲಿ, ಚಾರ್ಜರ್ ಎಲ್ಲಿ, ಅಂಥದ್ದೇ ಏನೋ. ನಾನು ಎದ್ದು ಹೋಗುತ್ತೇನೆ. ಮೊನ್ನೆ ಅವಳ ಗೆಳತಿಯೊಬ್ಬಳು ಬೇಕರಿಯಿಂದ ಒಂದು ಬಾಟಲಿ ಲೆಮನ್ ಕರ್ಡ್ ತಂದುಕೊಟ್ಟಿದ್ದಳು. ಮಗಳು ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು.

"ಇವರಿಗೆ ಮಾಡೋಕೇ ಬರಲ್ಲ ಅಮ್ಮಿ" ಎಂದಳು. "ಗಂಟೇ ಇಲ್ಲ."